ಕೇರಾಫ್ ಶೀನಣ್ಣನ ಈಮೇಲು

ಚಾಮರಾಜಪೇಟೆಯ ಐದನೇ ಮೇನಿಗೆ ಬಂದು "ಶ್ರೀ ಆಂಡಾಳ್ ಜಾಬ್ ಟೈಪಿಂಗ್ ಅಂಡ್ ಝೆರಾಕ್ಸ್ ಎಲ್ಲಿ?" ಅಂತ ಕೇಳಿದರೆ ಜನ ನಿಮ್ಮ ಮುಖವನ್ನೇ ನೋಡುತ್ತಾರೆ. ಬೋರ್ಡಿನ ಮೇಲೆ ಹಾಗೆಯೇ ಬರೆದಿದೆ ನಿಜ, ಆದರೆ ಅದನ್ನು ಓದಿದವರು ಯಾರೂ ಇಲ್ಲ. ಶೀನಣ್ಣನ ಅಂಗಡಿ ಎಲ್ಲಿ ಅಂತ ಕೇಳಿ. ಹೂವಿನವಳಿಂದ ಹಿಡಿದು ಇಸ್ತ್ರಿಯವನ ತನಕ ಎಲ್ಲರೂ ಕೈ ತೋರಿಸುತ್ತಾರೆ. ಬೋರ್ಡಿನಲ್ಲಿರುವುದು ದೇವರ ಹೆಸರೋ ಹೆಂಡತಿಯ ಹೆಸರೋ ಅಂತ ಶೀನಣ್ಣನನ್ನು ಕೇಳಿದರೆ, ಹೆಂಡತಿ ಹತ್ತಿರದಲ್ಲಿದ್ದಾಳಾ ಇಲ್ಲವಾ ನೋಡಿಕೊಂಡು ಉತ್ತರ ಹೇಳುತ್ತಾನೆ.

ಅರವತ್ತೆರಡು ವರ್ಷದ ಈ ಮನುಷ್ಯ ಹುಟ್ಟಿದ್ದು, ಬೆಳೆದದ್ದು, ಪಿ.ಯು.ಸಿ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಎಲ್ಲವೂ ಇದೇ ಪೇಟೆಯಲ್ಲಿ. ಪುಸ್ತಕ ತಲೆಗೆ ಹತ್ತಲಿಲ್ಲ, ಆದರೆ ಬೆರಳಿಗೆ ಟೈಪ್‌ರೈಟರ್ ಹತ್ತಿತು. ಕನ್ನಡ ಸೀನಿಯರ್, ಇಂಗ್ಲಿಷ್ ಸೀನಿಯರ್ ಎರಡೂ ಫಸ್ಟ್ ಕ್ಲಾಸ್. ಇಪ್ಪತ್ತನೇ ವಯಸ್ಸಿಗೆ ವಕೀಲರ ಕಚೇರಿಯೊಂದರಲ್ಲಿ ಟೈಪಿಸ್ಟ್ ಆದ, ಮೂವತ್ತಕ್ಕೆ ಸ್ವಂತ ಅಂಗಡಿ ಇಟ್ಟ. ಮಿಷನ್ ಹೋಗಿ ಕಂಪ್ಯೂಟರ್ ಬಂತು, ಕಾರ್ಬನ್ ಪೇಪರ್ ಹೋಗಿ ಝೆರಾಕ್ಸ್ ಬಂತು. ಅರ್ಜಿ, ಅಫಿಡವಿಟ್, ಜಾತಕದ ಪ್ರತಿ, ಮನೆ ಬಾಡಿಗೆ ಕರಾರು ಎಲ್ಲವೂ ಅವನ ಬೆರಳಿನಿಂದಲೇ ಹೊರಟು ಜನರ ಕೈ ಸೇರುತ್ತಿದ್ದವು.

ಇಂಥ ಅಂಗಡಿಗಳು ಊರಲ್ಲಿ ಬೇಕಾದಷ್ಟಿವೆ. ಶೀನಣ್ಣನ ಕಥೆ ಹೇಳಬೇಕು ಅನ್ನಿಸಿದ್ದು ಅವನ ಈಮೇಲಿನ ದೆಸೆಯಿಂದ. ಅವನ ಈಮೇಲು ಅಂದೆನಲ್ಲ, ಅದೇ ತಪ್ಪು. ಅದು ಇಡೀ ಬೀದಿಯ ಈಮೇಲು.

ಹದಿನೆಂಟು ವರ್ಷದ ಹಿಂದೆ ರಿಟೈರ್ಡ್ ಮೇಷ್ಟ್ರು ಹನುಮಂತಯ್ಯನವರು ಪೆನ್ಷನ್ ಅರ್ಜಿ ಹಿಡಿದುಕೊಂಡು ಬಂದಿದ್ದರು. ಅದರಲ್ಲಿ ಈಮೇಲ್ ಐಡಿ ಅಂತ ಒಂದು ಖಾನೆ. "ನಂಗೆಲ್ಲಿ ಬರ್ಬೇಕಪ್ಪಾ ಅದು" ಅಂತ ಮೇಷ್ಟ್ರು ಮುಖ ಸಣ್ಣ ಮಾಡಿಕೊಂಡರು. ಶೀನಣ್ಣ ಹಿಂದೆ ಮುಂದೆ ಯೋಚಿಸದೆ "ನಂದೇ ಹಾಕ್ಕೊಳ್ಳಿ ಮೇಷ್ಟ್ರೇ" ಅಂದ. ಹಳಬರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಫೋನಿಲ್ಲದ ಮನೆಯವರು ಪಕ್ಕದ ಮನೆಯ ನಂಬರು ಕೊಟ್ಟು ಮುಂದೆ ಪಿ.ಪಿ. ಅಂತ ಬರೆಯುತ್ತಿರಲಿಲ್ಲವೇ? ಫೋನು ಬಂದರೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಕೂಗಿ ಕರೆಯುತ್ತಿದ್ದರು. ಹಾಗೆಯೇ ಇದೂ ಒಂದು ಪಿ.ಪಿ. ಮೇಲು. ಮೇಷ್ಟ್ರು ತಂಗಿಗೆ ಹೇಳಿದರು, ತಂಗಿ ಎದುರು ಮನೆಯವರಿಗೆ ಹೇಳಿದಳು. ನೋಡನೋಡುತ್ತಾ ಐವತ್ತು ಅರವತ್ತು ಮನೆಗೆ ಒಂದೇ ಈಮೇಲಾಯಿತು. ಗ್ಯಾಸ್ ಬುಕ್ಕಿಂಗು, ಪಾಸ್‌ಪೋರ್ಟು, ರಕ್ತಪರೀಕ್ಷೆಯ ರಿಪೋರ್ಟು, ಗಂಡಿನ ಫೋಟೋ, ಹೆಣ್ಣಿನ ಜಾತಕ, ಎಲ್ಲವೂ ಶೀನಣ್ಣನ ಕಂಪ್ಯೂಟರಿಗೇ ಬಂದು ಬೀಳುತ್ತಿದ್ದವು.

ಬಳೇಪೇಟೆಯ ಹಳೇ ಲಾಡ್ಜೊಂದು ಮುಚ್ಚಿದಾಗ ಅಲ್ಲಿಯ ಬೀಗದಕೈ ಇಡುವ ಗೂಡುಗಳ ಹಲಗೆಯನ್ನು ತಂದು ಅಂಗಡಿಯ ಗೋಡೆಗೆ ಹೊಡೆಸಿದ್ದ. ದಿನಾ ಬೆಳಿಗ್ಗೆ ಮೇಲು ತೆಗೆದು, ಪ್ರಿಂಟ್ ಹಾಕಿ, ಮೂರು ಮಡಿಕೆ ಮಡಿಚಿ, ಪಿನ್ ಹೊಡೆದು, ಮೇಲೆ ಹೆಸರು ಬರೆದು ಗೂಡಿಗೆ ಹಾಕುತ್ತಿದ್ದ. ಓದುತ್ತಿರಲಿಲ್ಲವಾ ಅಂತ ಕೇಳುತ್ತೀರಿ. ಓದುತ್ತಿರಲಿಲ್ಲ ಅಂತ ಅವನು ಆಣೆ ಮಾಡಿ ಹೇಳಿದರೂ ನಾನು ನಂಬುವುದಿಲ್ಲ. ಕಣ್ಣು ಹೋಗಿಯೇ ಹೋಗುತ್ತದೆ. ಆದರೆ ಒಂದು ಮಾತು ಒಪ್ಪಬೇಕು: ಕ್ರಿಕೆಟ್ಟು, ರಾಜಕೀಯ, ಎದುರು ಹೋಟೆಲಿನ ಸಾಂಬಾರಿನ ಬಗ್ಗೆ ಗಂಟೆಗಟ್ಟಲೆ ಹರಟುವ ಈ ಬಾಯಿ, ಒಬ್ಬರ ಕಾಗದದ ವಿಷಯವನ್ನು ಇನ್ನೊಬ್ಬರ ಹತ್ತಿರ ಹದಿನೆಂಟು ವರ್ಷದಲ್ಲಿ ಒಂದು ಸಲವೂ ಆಡಿಲ್ಲ. ಹೆಂಡತಿ ಆಂಡಾಳ್ ಕೆದಕಿ ಕೆದಕಿ ಕೇಳಿ ಸೋತು ಸುಮ್ಮನಾಗಿದ್ದಳು.

ಅವನ ದೊಡ್ಡ ದೋಷ ಬೇರೆಯದು. ಯಾರು ಏನು ಕೇಳಲಿ, ಇಲ್ಲ ಅನ್ನುವ ಮಾತು ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಎಲ್ಲದಕ್ಕೂ "ಆಯ್ತು ಬಿಡಿ". ತೀರಾ ಆಗದ ಕೆಲಸವಾದರೆ "ಸಂಜೆ ಬನ್ನಿ". ಅವನ ಮಟ್ಟಿಗೆ ಅದೇ ಖಡಾಖಂಡಿತವಾದ ಇಲ್ಲ.

ಈಗ ಯಮುನಾ. ಹಿಂದಿನ ಕ್ರಾಸಿನ ಮುನಿಯಮ್ಮನ ಮಗಳು, ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡು ಝೆರಾಕ್ಸ್ ಮಾಡಿಸಲು ಎರಡು ಜಡೆ ಹಾಕಿಕೊಂಡು ಬರುತ್ತಿದ್ದ ಕಾಲದಿಂದ ಶೀನಣ್ಣ ಕಂಡ ಹುಡುಗಿ. ಸೈಟು, ಅಪಾರ್ಟ್‌ಮೆಂಟು ಅಂತ ಓಡಾಡುವ ವಸಂತ್ ಎಂಬವನಿಗೆ ಕೊಟ್ಟು ಜೋರಾಗಿ ಮದುವೆ ಮಾಡಿದ್ದರು. ಹೋದ ವರ್ಷ ಜ್ಯೇಷ್ಠದಲ್ಲಿ ಒಂದು ಬೆಳಿಗ್ಗೆ ಆರು ವರ್ಷದ ಮಗಳು ಧೃತಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಬಲಗೈಗೆ ಪಟ್ಟಿ ಕಟ್ಟಿತ್ತು. ಒಂದು ಕೆಲಸದ ಅರ್ಜಿ ಟೈಪ್ ಮಾಡಿಸಿ, ಎಡಗೈಯಲ್ಲಿ ಸೊಟ್ಟಸೊಟ್ಟ ಸಹಿ ಹಾಕಿದಳು. ಶೀನಣ್ಣ ಏನೂ ಕೇಳಲಿಲ್ಲ. ಮಗು ಮಾತ್ರ ಸ್ಟೇಪ್ಲರ್ ಹಿಡಿದು ಆಡುತ್ತಾ "ಅಪ್ಪ ಅಮ್ಮನ ಕೈನ ಬಾಗಿಲಿಗೆ ಸೇರಿಸಿ ಒತ್ತಿದ್ದು" ಅಂತ ತನ್ನಷ್ಟಕ್ಕೆ ಹೇಳಿತು.

ಹದಿನೈದು ದಿನಕ್ಕೆ ದೂರದ ಊರಿನ ಒಂದು ಸ್ಕೂಲಿನಿಂದ ಕೆಲಸದ ಆರ್ಡರ್ ಬಂತು. ಯಾವ ಊರು ಅಂತ ನನ್ನನ್ನು ಕೇಳಬೇಡಿ. ತಾಯಿ ಮಗಳು ಅಲ್ಲಿಯ ಹಾಸ್ಟೆಲಿಗೆ ಹೋಗಿ ಸೇರಿಕೊಂಡರು. ವಸಂತ್ ಜಬರಿಸಿ ಕೇಳಿದರೆ ಅಮ್ಮ ತಡೆದುಕೊಳ್ಳಲಾರಳು ಅಂತ ಮುನಿಯಮ್ಮನಿಗೂ ಊರಿನ ಹೆಸರು ಹೇಳಿರಲಿಲ್ಲ. ಗಂಡ ಕೊಡಿಸಿದ್ದ ದೊಡ್ಡ ಫೋನನ್ನು ಬಿಟ್ಟು ಹೋಗಿ, ಬಟನ್ ಫೋನ್ ಇಟ್ಟುಕೊಂಡಿದ್ದಳು. ಆಫರ್ ಲೆಟರು, ಹಾಸ್ಟೆಲಿನ ರಸೀತಿ, ಮಗುವಿನ ಸ್ಕೂಲ್ ಅಡ್ಮಿಷನ್ನು, ಫ್ಯಾಮಿಲಿ ಕೋರ್ಟಿನ ವಕೀಲರ ಕಾಗದ ಎಲ್ಲವೂ ಶೀನಣ್ಣನ ಮೇಲಿಗೇ. ಸೋಮವಾರ, ಗುರುವಾರ ಹನ್ನೊಂದು ಗಂಟೆಗೆ ಅವಳು ಅಂಗಡಿಯ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಿದ್ದಳು. ಇವನು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಓದಿ ಹೇಳುತ್ತಿದ್ದ. ಇಡೀ ಬೆಂಗಳೂರಿನಲ್ಲಿ ಅವಳು ಎಲ್ಲಿದ್ದಾಳೆ ಅಂತ ಗೊತ್ತಿದ್ದದ್ದು ಆ ಒಂದು ಕಂಪ್ಯೂಟರಿಗೆ, ಒಬ್ಬ ಶೀನಣ್ಣನಿಗೆ.

ಈ ವರ್ಷ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸಬ್ ಇನ್ಸ್‌ಪೆಕ್ಟರ್ ಕೈಲಾಸ್ ಬುಲೆಟ್ ನಿಲ್ಲಿಸಿ ಒಳಗೆ ಬಂದ. ಯೂನಿಫಾರಂ ಇರಲಿಲ್ಲ, ಟೀ ಶರ್ಟು. ನಗುಮುಖದ ಮನುಷ್ಯ.

"ಶೀನಣ್ಣ, ಒಂದ್ ಸಣ್ಣ ಪ್ರಿಂಟ್ ಬೇಕಿತ್ತಲ್ಲ."

"ಆಯ್ತು ಸಾರ್, ಅದಕ್ಕೇನು, ಕೊಡೋಣ."

ನೋಡಿದಿರಾ? ಏನು ಎತ್ತ ಅಂತ ಕೇಳುವ ಮೊದಲೇ ಆಯ್ತು ಅಂದುಬಿಟ್ಟ. ಹಾಳು ನಾಲಿಗೆ!

"ಯಮುನಾ ಅಂತ, ಈ ಕಡೆಯೋಳೇ. ಮನೆ ಬಿಟ್ಟು ಹೋಗಿದಾಳೆ, ಮನೆಯೋರು ಪಾಪ ಒದ್ದಾಡ್ತಿದಾರೆ. ಅವಳ ಮೇಲ್ ಎಲ್ಲ ನಿಮ್ಮ ಐಡಿಗೇ ಬರತ್ತಂತೆ. ಹಳೇ ಗ್ಯಾಸ್ ಫಾರಂನಲ್ಲಿ ಸಿಕ್ತು. ಜೂನ್‌ನಿಂದ ಈಚೆಗೆ ಬಂದಿರೋದನ್ನೆಲ್ಲ ಪ್ರಿಂಟ್ ತೆಗ್ದು ಕೊಟ್ಬಿಡಿ. ಇಲ್ಲಾಂದ್ರೆ ಪಾಸ್‌ವರ್ಡ್ ಕೊಡಿ, ನಿಮಗ್ಯಾಕೆ ತೊಂದ್ರೆ, ನಾನೇ ನೋಡ್ಕೋತೀನಿ."

ಕಂಪ್ಯೂಟರ್ ಎದುರಿಗೇ ಇದೆ, ಮೇಲು ತೆರೆದೇ ಇದೆ. ಶೀನಣ್ಣ ಪರದೆಗೆ ಮೈ ಅಡ್ಡ ಹಿಡಿದು, "ಬೆಳಿಗ್ಗೆಯಿಂದ ನೆಟ್ಟೇ ಇಲ್ಲ ಸಾರ್, ಸಂಜೆ ನಾಲ್ಕಕ್ಕೆ ಬನ್ನಿ" ಅಂದ.

"ನಾಲ್ಕಕ್ಕೆ ಪಕ್ಕಾ ಬರ್ತೀನಿ" ಅಂತ ಕೈಲಾಸ್ ಅವನ ಹೆಗಲು ತಟ್ಟಿ ಹೊರಟ. ಬುಲೆಟ್ ಹತ್ತುವ ಮೊದಲು ಫೋನು ಕಿವಿಗಿಟ್ಟುಕೊಂಡು, ಅಂಗಡಿಯೊಳಕ್ಕೆ ಕೇಳಿಸುವ ಹಾಗೆಯೇ ಹೇಳಿದ: "ಹ್ಞೂಂ ವಸಂತಣ್ಣ, ಸಂಜೆಗೆ ಅಡ್ರೆಸ್ ಕೈಗೆ ಬರತ್ತೆ. ನೀವು ಗಾಡಿ ರೆಡಿ ಇಟ್ಕೊಳ್ಳಿ."

ಮಧ್ಯಾಹ್ನ ಊಟದ ಡಬ್ಬಿ ತಂದ ಆಂಡಾಳ್ ಗಂಡನ ಮುಖ ನೋಡಿ ಬಾಗಿಲ ಹತ್ತಿರವೇ ನಿಂತಳು. ಮೊದಲ ಸಲ ಇವನು ಒಬ್ಬರ ಕಾಗದದ ವಿಷಯ ಹೆಂಡತಿಗೆ ಹೇಳಿದ. ಹೇಳದೆ ಉಸಿರಾಡುವುದಕ್ಕೆ ಆಗುತ್ತಿರಲಿಲ್ಲ.

"ನೀವು ಆಯ್ತು ಅಂದ್ರಾ?" ಅಂತ ಆಂಡಾಳ್ ಸಿಡಿದಳು. "ಆ ಹುಡುಗಿ ಕೈ ಮುರ್ದೋನಿಗೆ ಅಡ್ರೆಸ್ ಬರ್ದು ಕೊಡಕ್ಕೆ ಆಯ್ತು ಅಂದ್ರಾ? ಕೊಟ್ಟು ಬಂದ್ರೆ ಮನೇಲಿ ಒಂದ್ ತೊಟ್ಟು ನೀರು ಸಿಗಲ್ಲ ನಿಮಗೆ, ಹೇಳಿದೀನಿ."

"ಪೊಲೀಸ್ನೋರು ಕಣೇ. ಕೊಡ್ದಿದ್ರೆ ಒಳಗೆ ಹಾಕ್ತಾರೆ."

"ಹಾಕ್ಲಿ. ನಾನೇ ಡಬ್ಬಿ ತಂದ್ಕೊಡ್ತೀನಿ."

ಎಲ್ಲವನ್ನೂ ಅಳಿಸಿಬಿಡೋಣ ಅಂತ ಒಂದು ಯೋಚನೆ ಬಂತು. ಯಮುನಾಳ ನಲವತ್ತೆರಡು ಮೇಲಿಗೂ ಗುರುತು ಹಾಕಿದ. ಒಂದು ಬಟನ್ ಒತ್ತಿದರೆ ಮುಗಿಯಿತು. ಬೆರಳು ಅಲ್ಲೇ ನಿಂತಿತು, ಯಾಕೋ ಧೈರ್ಯ ಬರಲಿಲ್ಲ. ಊಟದ ಡಬ್ಬಿಯನ್ನು ಮುಟ್ಟದೆ ಷಟರ್ ಅರ್ಧ ಇಳಿಸಿ, ಆಟೋ ಹಿಡಿದು ಬಸವನಗುಡಿಯ ವಿಶಾಲಾಕ್ಷಮ್ಮನವರ ಮನೆಗೆ ಓಡಿದ.

ವಿಶಾಲಾಕ್ಷಮ್ಮ ವಕೀಲೆ. ಎಪ್ಪತ್ತು ದಾಟಿದ್ದಾರೆ, ಮೂವತ್ತು ವರ್ಷದಿಂದ ಅವರ ಅರ್ಜಿಗಳನ್ನೆಲ್ಲ ಟೈಪ್ ಮಾಡುತ್ತಿದ್ದವನು ಶೀನಣ್ಣನೇ. ನೆಟ್ಟಕಲ್ಲಪ್ಪ ಸರ್ಕಲ್ಲಿನ ಹತ್ತಿರದ ಅವರ ಮನೆಯಲ್ಲಿ ಆಗಷ್ಟೇ ಊಟ ಮುಗಿದಿತ್ತು. ಇವನ ಅವಸ್ಥೆ ನೋಡಿ ಅವರು ಕೈಗೆ ಒಂದು ಲೋಟ ನೀರುಮಜ್ಜಿಗೆ ಕೊಟ್ಟು ಕೂರಿಸಿದರು. ಇವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಅಮ್ಮ, ಅಳಿಸಿಬಿಡ್ಲಾ?" ಅಂತ ಕೇಳಿದ.

"ಮುಟ್ಬೇಡಿ!" ಅಂದರು ವಿಶಾಲಾಕ್ಷಮ್ಮ. "ಅದೇನು ನಿಮ್ಮ ಕಾಗದಾನಾ ಅಳಿಸಕ್ಕೆ? ಅವಳದ್ದು. ಅಲ್ಲದೆ ನಾಳೆ ಸಾಕ್ಷಿ ನಾಶ ಮಾಡ್ದ ಅಂತ ನಿಮ್ಮನ್ನೇ ಹಿಡ್ಕೋತಾರೆ. ಅವರ ಕೈಗೆ ನೀವೇ ದೊಣ್ಣೆ ಕೊಡ್ತೀರಾ?"

"ಹಾಗಾದ್ರೆ ಕೊಡೋದಾ?"

"ಅವನು ಹೇಗೆ ಕೇಳ್ದ? ಕಾಗದ ಏನಾದ್ರೂ ತಂದಿದ್ನಾ?"

"ಇಲ್ಲಮ್ಮ. ಬಾಯಲ್ಲೇ. ಟೀ ಶರ್ಟ್ ಹಾಕ್ಕೊಂಡು ಬಂದಿದ್ದ."

ವಿಶಾಲಾಕ್ಷಮ್ಮ ಜೋರಾಗಿ ನಕ್ಕರು. ಶೀನಣ್ಣನಿಗೆ ಆ ನಗು ಕೇಳಿಯೇ ಅರ್ಧ ಪ್ರಾಣ ಬಂತು.

"ಕೇಳಿ ಇಲ್ಲಿ. ಪೊಲೀಸ್ನೋರಿಗೆ ಅಧಿಕಾರ ಇಲ್ಲ ಅಂತ ನಾನು ಹೇಳಲ್ಲ. ಇದೆ. ಆದ್ರೆ ಅದಕ್ಕೊಂದು ದಾರಿ ಇದೆ. ಕೇಸು ಅಂತ ಒಂದು ಇರ್ಬೇಕು, ಅದಕ್ಕೊಂದು ನಂಬರ್ ಇರ್ಬೇಕು. ಸ್ಟೇಷನ್ ಮುಖ್ಯಸ್ಥರು ಬರವಣಿಗೇಲಿ ಕೇಳ್ಬೇಕು, ಇಲ್ಲ ಕೋರ್ಟ್ ಹೇಳ್ಬೇಕು. ಪಾಸ್‌ವರ್ಡ್ ಕೊಡು, ನಾನೇ ಒಳಗೆ ಹೋಗಿ ಹುಡುಕ್ತೀನಿ ಅನ್ನೋದು ಮನೆಗೆ ನುಗ್ಗಿ ಬೀರು ತೆಗೆದ ಹಾಗೆ. ಅದಕ್ಕೆ ವಾರಂಟ್ ಬೇಕು ಅಂತ ನಮ್ಮ ಹೈಕೋರ್ಟೇ ಹೇಳಿದೆ. ಯಾರಿಗೂ ಗೊತ್ತಾಗದ ಹಾಗೆ ಕದ್ದು ಓದ್ಬೇಕು ಅಂದ್ರಂತೂ ಹೋಂ ಸೆಕ್ರೆಟರಿ ಮಟ್ಟದಲ್ಲಿ ಕಾರಣ ಬರೆದು ಸಹಿ ಹಾಕ್ಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಲ್ಲಿ ಒಂಬತ್ತು ಜನ ಜಡ್ಜುಗಳು ಕೂತು ಹೇಳಿದಾರೆ. ಆ ಕೇಸು ಹಾಕಿದೋರು ಯಾರು ಗೊತ್ತಾ? ಎಂಬತ್ತು ದಾಟಿದ್ದ, ನಮ್ಮ ಬೆಂಗಳೂರಿನ ಒಬ್ಬ ರಿಟೈರ್ಡ್ ಜಡ್ಜು."

"ಹೌದೇ! ನಮ್ಮೋರಾ?" ಅಂತ ಶೀನಣ್ಣ ಆ ಗಾಬರಿಯಲ್ಲೂ ಕಣ್ಣರಳಿಸಿದ.

"ಕಾನೂನು ಪೂರ್ತಿ ಗಟ್ಟಿ ಅಂತ ತಿಳ್ಕೋಬೇಡಿ. ತೂತು ಬೇಕಾದಷ್ಟಿವೆ. ಸರ್ಕಾರ ಮನಸ್ಸು ಮಾಡಿದ್ರೆ ನನ್ನದನ್ನೂ ಓದ್ಬಹುದು, ನಿಮ್ಮದನ್ನೂ ಓದ್ಬಹುದು. ಆದ್ರೆ ಎಲ್ಲೋ ಒಂದು ಕಡೆ ಯಾರೋ ಒಬ್ರು ಹೆಸರು ಬರೆದು ಸಹಿ ಹಾಕ್ಲೇಬೇಕು. ನಿಮ್ಮ ಇನ್ಸ್‌ಪೆಕ್ಟರ್ ಬಂದಿರೋದು ಸ್ನೇಹಿತನಿಗೆ ಉಪಕಾರ ಮಾಡಕ್ಕೆ. ಉಪಕಾರಕ್ಕೆ ಯಾರೂ ಸಹಿ ಹಾಕಲ್ಲ ಶೀನಣ್ಣ. ವಯಸ್ಸಿಗೆ ಬಂದ ಹೆಂಗಸು ತನ್ನ ಮಗು ಕರ್ಕೊಂಡು ಬೇರೆ ಇದ್ರೆ ಅದು ಅಪರಾಧಾನೂ ಅಲ್ಲ."

"ಎಲ್ಲಾ ಸರಿ ಅಮ್ಮ. ಆದ್ರೆ ಎದುರಿಗೆ ಬಂದು ನಿಂತಾಗ ಇಲ್ಲ ಅನ್ನಕ್ಕೆ ನಂಗೆ ಬರಲ್ವಲ್ಲ. ನಿಮಗೆ ಗೊತ್ತಲ್ಲ ನಾನು."

"ಇಲ್ಲ ಅನ್ನಿ ಅಂತ ಯಾರು ಹೇಳಿದ್ರು? ಬರೆದು ಕೊಡಿ ಅನ್ನಿ ಸಾಕು. ಏನಾದ್ರೂ ಜಾಸ್ತಿ ಮಾಡಿದ್ರೆ ನಂಗೆ ಫೋನ್ ಮಾಡಿ, ಬರ್ತೀನಿ."

ವಾಪಸು ಬರುವಾಗ ಆಟೋದಲ್ಲಿ ಶೀನಣ್ಣ "ಬರೆದು ಕೊಡಿ ಸಾರ್, ಬರೆದು ಕೊಡಿ ಸಾರ್" ಅಂತ ಮಂತ್ರದ ಹಾಗೆ ಹೇಳಿಕೊಂಡು ಬಂದ. ಆಟೋದವನು ಎರಡು ಸಲ ತಿರುಗಿ ನೋಡಿದ. ಟೌನ್ ಹಾಲ್ ಕಡೆಗೆ ಹೊರಟಿದ್ದ ಬಸ್ಸುಗಳ ಹಿಂದೆ ಸಿಕ್ಕಿಕೊಂಡು ಅಂಗಡಿ ಮುಟ್ಟಿದಾಗ ಮೂರು ಗಂಟೆ. ಕೂತ. ಬಾಯಲ್ಲಿ ಹೇಳುವುದು ತನ್ನಿಂದ ಆಗುವ ಕೆಲಸವಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈಲಾಸ್ ನಕ್ಕುಬಿಟ್ಟರೆ ಸಾಕು, ಇವನು ಆಯ್ತು ಅಂದುಬಿಡುತ್ತಾನೆ. ಹಾಗೆ ಯೋಚಿಸುತ್ತಾ ಕೀಬೋರ್ಡಿನ ಮೇಲೆ ಬೆರಳಿಟ್ಟ. ನಲವತ್ತು ವರ್ಷ ಊರಿನವರ ಅರ್ಜಿ ಬರೆದ ಬೆರಳುಗಳು ತಾವಾಗಿಯೇ ಹೊರಟವು. ಹತ್ತು ನಿಮಿಷಕ್ಕೆ ಒಂದು ಪುಟ ತಯಾರಾಯಿತು. ಪ್ರಿಂಟ್ ತೆಗೆದ, ಎರಡು ಪ್ರತಿ.

ನಾಲ್ಕಕ್ಕೆ ಸರಿಯಾಗಿ ಬುಲೆಟ್ ಸದ್ದು ಕೇಳಿತು. ಅಂಗಡಿಯ ಬೆಂಚಿನ ಮೇಲೆ ಹನುಮಂತಯ್ಯ ಮೇಷ್ಟ್ರು ಪೇಪರ್ ಓದುತ್ತಾ ಕೂತಿದ್ದರು. ಆಂಡಾಳ್ ಝೆರಾಕ್ಸ್ ಮಿಷನ್ನಿನ ಹಿಂದೆ, ಮನೆಗೆ ಹೋಗದೆ, ಸುಮ್ಮನೆ ಒಂದೇ ಕಾಗದವನ್ನು ನೇರ ಮಾಡುತ್ತಾ ನಿಂತಿದ್ದಳು.

"ಏನ್ ಶೀನಣ್ಣ, ನೆಟ್ ಬಂತಾ?"

"ಬಂತು ಸಾರ್. ಕೂತ್ಕೊಳ್ಳಿ. ನಿಮ್ಮ ಲೆಟರ್ ರೆಡಿ ಇದೆ."

"ನನ್ನ ಲೆಟರ್?"

"ಹೌದು ಸಾರ್. ಈ ಥರದ್ದಕ್ಕೆ ಬರವಣಿಗೇಲಿ ಇರ್ಬೇಕಂತಲ್ಲ, ನಿಮಗ್ಯಾಕೆ ಶ್ರಮ ಅಂತ ನಾನೇ ಟೈಪ್ ಮಾಡಿಟ್ಟೆ. ಖಾಲಿ ಬಿಟ್ಟಿರೋ ಕಡೆ ತುಂಬಿ ಸಹಿ ಹಾಕ್ಬಿಡಿ. ಸೀಲ್ ಇದ್ರೆ ಒಳ್ಳೇದು. ಒಂದ್ ಕಾಪಿ ನಿಮಗೆ, ಒಂದು ನಂಗೆ."

ಕೈಲಾಸ್ ಕಾಗದ ತೆಗೆದುಕೊಂಡು ಓದಿದ. ಅಚ್ಚುಕಟ್ಟಾದ ಸರ್ಕಾರಿ ಕನ್ನಡ. ಇವರಿಂದ, ಇವರಿಗೆ, ವಿಷಯ. ಅಪರಾಧ ಸಂಖ್ಯೆ, ಖಾಲಿ. ಕಲಂ, ಖಾಲಿ. ಯಾರ ಪತ್ರಗಳು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಖಾಲಿ. ನ್ಯಾಯಾಲಯದ ವಾರಂಟ್ ಇದ್ದಲ್ಲಿ ಅದರ ಸಂಖ್ಯೆ. ಪತ್ರಗಳನ್ನು ಕೇಳಲು ಕಾರಣ. ಅಧಿಕಾರಿಯ ಹೆಸರು, ಹುದ್ದೆ, ಸಹಿ, ಮೊಹರು.

ಅವನ ಮುಖದ ನಗು ಇಳಿಯಿತು. "ನಂಗೇ ಕಾನೂನು ಹೇಳ್ಕೊಡ್ತೀರೇನ್ರೀ?"

"ಅಯ್ಯೋ, ಬಿಡ್ತು ಅನ್ನಿ ಸಾರ್! ನಾನು ಟೈಪಿಸ್ಟು. ಐವತ್ತು ಅರವತ್ತು ಮನೆ ಕಾಗದ ಈ ಮೇಲಲ್ಲಿದೆ. ನಾಳೆ ಯಾರಾದ್ರೂ ಬಂದು ಯಾಕೆ ತೋರಿಸ್ದೆ ಅಂತ ಕಾಲರ್ ಹಿಡಿದ್ರೆ, ನನ್ನ ಹತ್ರ ಒಂದ್ ಕಾಗದ ಬೇಕಲ್ವಾ ಸಾರ್?" ಶೀನಣ್ಣನ ಕಾಲು ಟೇಬಲಿನ ಕೆಳಗೆ ಹೊಲಿಗೆ ಮಿಷನ್ ತುಳಿದ ಹಾಗೆ ಕುಣಿಯುತ್ತಿತ್ತು.

ಹನುಮಂತಯ್ಯ ಮೇಷ್ಟ್ರು ಪೇಪರ್ ಮಡಿಚಿದರು. "ನನ್ನ ಹಾರ್ಟಿನ ರಿಪೋರ್ಟೂ ಅದ್ರಲ್ಲೇ ಇದೆ ಸ್ವಾಮಿ" ಅಂದರು ಮೆತ್ತಗೆ. "ಅದನ್ನೂ ಓದ್ತೀರಾ?"

ಕೈಲಾಸ್ ಜೇಬಿನಿಂದ ಪೆನ್ನು ತೆಗೆದ. ಅವನು ತುಂಬಿಬಿಟ್ಟರೆ ಏನು ಮಾಡುವುದು ಅಂತ ಶೀನಣ್ಣ ಯೋಚಿಸಿಯೇ ಇರಲಿಲ್ಲ. ಪೆನ್ನು ಅಪರಾಧ ಸಂಖ್ಯೆಯ ಎದುರಿಗೆ ಬಂದು ನಿಂತಿತು. ಅಲ್ಲಿಂದ ಕಾರಣಕ್ಕೆ ಇಳಿಯಿತು. ಸಹಿಯ ಜಾಗದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಂಡಾಳ್ ಕಾಗದ ನೇರ ಮಾಡುವುದನ್ನು ನಿಲ್ಲಿಸಿದಳು.

ಆಮೇಲೆ ಪೆನ್ನು ಜೇಬಿಗೆ ವಾಪಸು ಹೋಯಿತು.

"ನಿಮ್ಮ ಬೋರ್ಡು ಫುಟ್‌ಪಾತ್ ಮೇಲೆ ಬಂದಿದೆ. ಅಂಗಡಿಗೆ ಲೈಸೆನ್ಸ್ ಇದ್ಯಾ?"

"ಇದೆ ಸಾರ್. ಝೆರಾಕ್ಸ್ ಕೊಡ್ಲಾ?" ಅಂತ ಕೇಳಿದ ಶೀನಣ್ಣ. ಸತ್ಯವಾಗಿಯೂ ಕುಹಕವಲ್ಲ, ಯಾವ ಕಾಗದದ ಮಾತೆತ್ತಿದರೂ ಅವನ ಬಾಯಲ್ಲಿ ಬರುವುದೇ ಅದು. ಮೇಷ್ಟ್ರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಕೈಲಾಸ್ ಕಾಗದವನ್ನು ಟೇಬಲಿನ ಮೇಲೆ ಬಿಸಾಕಿ, "ನೋಡ್ಕೋತೀನಿ" ಅಂತ ಹೊರಟುಹೋದ. ಬುಲೆಟ್ಟಿನ ಸದ್ದು ಮೊದಲ ತಿರುವು ದಾಟಿತು.

ಶೀನಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆಂಡಾಳ್ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿ ಮುಂದೆ ಇಟ್ಟಳು. ತಣ್ಣಗಾದ ಪುಳಿಯೋಗರೆಯನ್ನು ಇವನು ಮೂರು ದಿನ ಉಪವಾಸ ಇದ್ದವನಂತೆ ತಿಂದ. "ನಿಧಾನ, ಬಿಕ್ಕಳಿಕೆ ಬರತ್ತೆ" ಅಂತ ಅವಳು ಬೈದಳು, ಆದರೆ ಬೈಗುಳದಲ್ಲಿ ಖಾರವೇ ಇರಲಿಲ್ಲ.

ನೋಡ್ಕೋತೀನಿ ಅಂದವನು ಏನು ನೋಡಿಕೊಂಡನೋ ಗೊತ್ತಿಲ್ಲ. ಒಂದು ವಾರ ಶೀನಣ್ಣ ಪ್ರತಿ ಬುಲೆಟ್ ಸದ್ದಿಗೂ ಬೆಚ್ಚಿಬೀಳುತ್ತಿದ್ದ. ನೋಟಿಸು ಬರಲಿಲ್ಲ, ವಾರಂಟು ಬರಲಿಲ್ಲ, ಫುಟ್‌ಪಾತಿನ ಬೋರ್ಡನ್ನು ಅಳೆಯುವುದಕ್ಕೂ ಯಾರೂ ಬರಲಿಲ್ಲ. ಕೇಸೇ ಇಲ್ಲದ ಮೇಲೆ ಎಲ್ಲಿಂದ ಬರಬೇಕು?

ಆ ಗುರುವಾರ ಯಮುನಾ ಎಂದಿನ ಹಾಗೆ ಫೋನ್ ಮಾಡಿದಳು. ಶೀನಣ್ಣ ನಡೆದದ್ದನ್ನೆಲ್ಲ ಹೇಳಿದ. ಮೊದಲು ಆಯ್ತು ಅಂದುಬಿಟ್ಟಿದ್ದನ್ನೂ ಮುಚ್ಚಿಡಲಿಲ್ಲ. ಆ ಕಡೆಯಿಂದ ಅವಳು ಅಳುವುದು ಕೇಳಿಸಿತು. ಹೆದರಿಕೆಯ ಅಳುವೋ ಸಮಾಧಾನದ ಅಳುವೋ ಶೀನಣ್ಣನಿಗೆ ತಿಳಿಯಲಿಲ್ಲ, ಅವನ ಕಣ್ಣಲ್ಲೂ ನೀರು ಬಂತು.

"ನೋಡಮ್ಮ, ಈ ಸಲ ತಪ್ತು" ಅಂದ. "ಆದ್ರೆ ನಿನ್ನ ಕಾಗದ ನನ್ನ ಹತ್ರ ಇರೋ ತನಕ ಅವು ಪೂರ್ತಿ ನಿನ್ನವಲ್ಲ. ನಾನೂ ಓದ್ತೀನಿ. ಓದಿದ್ದಕ್ಕೇ ನಂಗೆ ನೀನೆಲ್ಲಿದೀಯ ಅಂತ ಗೊತ್ತು. ನಾನು ಹೆದರುಪುಕ್ಕಲ, ಇನ್ನೊಂದ್ ಸಲ ಹೇಗಿರ್ತೀನೋ ನಂಗೇ ಗೊತ್ತಿಲ್ಲ. ನಿಂದೇ ಒಂದು ಮೇಲ್ ಮಾಡ್ಕೊ. ಸ್ಕೂಲ್ ಆಫೀಸಲ್ಲಿ ಕಂಪ್ಯೂಟರ್ ಇದ್ಯಲ್ಲ?"

"ನಂಗೆ ಬರಲ್ಲ ಶೀನಣ್ಣ."

"ನಾನು ಹೇಳ್ಕೊಡ್ತೀನಿ. ಅದ್ರ ಮುಂದೆ ಹೋಗಿ ಕೂತ್ಕೊ."

ಒಂದೊಂದೇ ಹೆಜ್ಜೆ ಹೇಳಿಕೊಟ್ಟ. ಹೆಸರು ಹಾಕು, ಹುಟ್ಟಿದ ದಿನ ಹಾಕು, ಇಲ್ಲಿ ಒತ್ತು. ಯಮುನಾಳಿಗೆ ಟೈಪ್ ಮಾಡುವಾಗ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳಿಕೊಳ್ಳುವ ಅಭ್ಯಾಸ. "ವೈ... ಎ... ಎಮ್..." ಅಂತ ಫೋನಿನಲ್ಲಿ ಕೇಳುತ್ತಿತ್ತು. ಪಾಸ್‌ವರ್ಡಿನ ಹತ್ತಿರ ಬಂದಾಗ ಶೀನಣ್ಣ ತಡೆದ.

"ನಿಲ್ಲು. ಈಗ ನಾನು ಫೋನನ್ನ ಟೇಬಲ್ ಮೇಲಿಟ್ಟು ಆಚೆ ಹೋಗ್ತೀನಿ. ಯಾರಿಗೂ ಹೊಳೀದೇ ಇರೋದು ಏನಾದ್ರೂ ಹಾಕ್ಕೊ. ಹುಟ್ಟಿದ ದಿನ ಬೇಡ, ಮಗು ಹೆಸರು ಬೇಡ. ಐದು ನಿಮಿಷ ಬಿಟ್ಟು ಬರ್ತೀನಿ."

ರಿಸೀವರನ್ನು ಮಲಗಿಸಿ ಎದ್ದು ಹೋಗಿ ಫುಟ್‌ಪಾತಿನ ಮೇಲೆ ಬಿಸಿಲಲ್ಲಿ ನಿಂತ. ದಾರಿಯಲ್ಲಿ ಹೋಗುತ್ತಿದ್ದ ಹೂವಿನವಳು "ಯಾಕಣ್ಣ, ಅಂಗಡಿಯಿಂದ ಆಚೆ ಹಾಕಿದ್ರಾ ಅಮ್ಮೋರು?" ಅಂತ ಛೇಡಿಸಿದಳು. ಇವನು ಕೈ ಬೀಸಿ ನಕ್ಕ. ಒಳಗೆ ಟೇಬಲಿನ ಮೇಲೆ ಮಲಗಿದ್ದ ಫೋನಿನಿಂದ ಸಣ್ಣಗೆ ಏನೋ ಕೇಳುತ್ತಿತ್ತು. ಏನು ಅಂತ ಅವನಿಗೆ ತಿಳಿಯಲಿಲ್ಲ, ತಿಳಿಯದಿರುವುದು ಎಷ್ಟು ಹಗುರ ಅಂತ ಅನ್ನಿಸಿತು.

ಆಮೇಲೆ ವಿಶಾಲಾಕ್ಷಮ್ಮನವರನ್ನು ಕೇಳಿ, ಯಮುನಾ ಹೇಳಿದ ಮೇಲೆ, ನಲವತ್ತೆರಡು ಮೇಲನ್ನೂ ಅವಳ ಹೊಸ ಐಡಿಗೆ ಕಳಿಸಿ ತನ್ನ ಕಡೆಯಿಂದ ತೆಗೆದುಹಾಕಿದ. ಮುಂದಿನ ಎರಡು ತಿಂಗಳು ಬೀದಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಅವರವರದೇ ಮೇಲು ಮಾಡಿಕೊಟ್ಟ. ಪಾಸ್‌ವರ್ಡ್ ಹಾಕುವಾಗ ಎದ್ದು ಆಚೆ ಹೋಗುತ್ತಿದ್ದ. ಮೇಷ್ಟ್ರು ಮಾತ್ರ "ನಂಗೆ ಮರ್ತು ಹೋಗತ್ತೆ, ನೀನೇ ಇಟ್ಕೊಳಪ್ಪ" ಅಂತ ಹಟ ಹಿಡಿದು, ಬೈಸಿಕೊಂಡು, ಕೊನೆಗೆ ಬರೆದ ಚೀಟಿಯನ್ನು ತಮ್ಮ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.

ಗೂಡುಗಳು ಖಾಲಿಯಾದವು. ಅಂಗಡಿಯ ಮೇಲಿಗೆ ಈಗ ಬರುವುದು ಪೇಪರ್ ಸಪ್ಲೈ ಮಾಡುವ ಅವೆನ್ಯೂ ರಸ್ತೆಯವರ ಜಾಹೀರಾತು, ಇನ್ನೊಂದು ಮತ್ತೊಂದು. ವೈಶಾಖದ ಒಂದು ಬೆಳಿಗ್ಗೆ ತೆರೆದು ನೋಡಿದರೆ ಒಂದು ಹೊಸ ಮೇಲು. ಇಷ್ಟು ವರ್ಷದಲ್ಲಿ ಆ ವಿಳಾಸಕ್ಕೆ ಸಾವಿರಾರು ಕಾಗದ ಬಂದಿದ್ದವು; ಶೀನಣ್ಣನ ಹೆಸರಿಗೆ ಅಂತ ಒಂದೂ ಬಂದಿರಲಿಲ್ಲ. ಇದು ಅವನ ಹೆಸರಿಗೇ ಇತ್ತು. ಬರೆದಿದ್ದವಳು ಯಮುನಾ, ಮೂರೇ ಸಾಲು.

"ಶೀನಣ್ಣ, ಇವತ್ತಿನವರೆಗೂ ನಮ್ಮ ಹಾಸ್ಟೆಲ್ ಬಾಗಿಲಿಗೆ ಯಾರೂ ಬಂದಿಲ್ಲ. ಧೃತಿ ಈಗ ಬಾಗಿಲು ತೆಗೆದಿಟ್ಟುಕೊಂಡೇ ಆಡುತ್ತಾಳೆ. ನನಗೆ ನಿದ್ದೆ ಬರುತ್ತಿದೆ."

ಅವನು ಅದನ್ನು ನಾಲ್ಕು ಸಲ ಓದಿದ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಐದನೇ ಸಲ ಓದಿದ. ಅಭ್ಯಾಸದಂತೆ ಪ್ರಿಂಟ್ ತೆಗೆದು, ಮೂರು ಮಡಿಕೆ ಮಡಿಚಿ, ಷರಟಿನ ಒಳಜೇಬಿಗೆ ಹಾಕಿಕೊಂಡ.

ಡಬ್ಬಿ ತಂದ ಆಂಡಾಳ್ ಅದನ್ನು ನೋಡಿಬಿಟ್ಟಳು.

"ಯಾರ್ದ್ರೀ ಕಾಗದ?"

"ನಂದು" ಅಂದ ಶೀನಣ್ಣ.